ಸಾವಿರದ ಇನ್ನೂರು

ಪುಣೆಯ ಧನಕವಡಿ ಏರಿನಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಮಾಳಿಗೆಯಲ್ಲಿ
ನಾನೊಂದು ಪಾಳಣಾಘರ ನಡೆಸುತ್ತೇನೆ.
ಹದಿನಾಲ್ಕು ಕೂಸು, ಎರಡು ತೊಟ್ಟಿಲು, ಒಂದು ಫ್ರಿಜ್ಜು.
ಕೆಳಗೆ ಬೀಸುವ ಸದ್ದಿಗೆ
ಮಧ್ಯಾಹ್ನದ ನಿದ್ದೆ ತಾನಾಗಿ ಹತ್ತುತ್ತದೆ;
ಗಿರಣಿ ನಿಂತರೆ ಎಲ್ಲವೂ ಒಟ್ಟಿಗೆ ಏಳುತ್ತವೆ.

ಜೂನಿನಲ್ಲಿ ಪಾಲಕರ ಸಭೆ.
ಅಭ್ಯಂಕರ ಬಾಯಿ ಮೊಬೈಲಿನಲ್ಲಿ ಒಂದು ಸುದ್ದಿ ತೋರಿಸಿದರು:
ಯಾವುದೋ ಊರು, ಯಾರೋ ಆಯಾ, ಮೂಲೆಯಲ್ಲೊಂದು ಕ್ಯಾಮೆರಾ.
ಕೊನೆಯವರೆಗೆ ಯಾರೂ ನೋಡಲಿಲ್ಲ.
ಇನ್ನು ಹೊಸಬರು ಯಾರೇ ಬರಲಿ,
ಮೈಮೇಲೆ ಕೇಸು ಇದೆಯೋ ಇಲ್ಲವೋ
ಕಾಗದದಲ್ಲಿ ಬರಬೇಕು. ಎಲ್ಲರೂ ಕೈಯೆತ್ತಿದರು.
ನಾನೂ ಎತ್ತಿದೆ. ಈಗ ಕೇಳಿದರೂ ಎತ್ತುತ್ತೇನೆ.

ಸ್ವಾರಗೇಟಿನ ಏಜೆನ್ಸಿಯ ಹುಡುಗ ಹೇಳಿದ ದರ
ತಲೆಗೆ ಸಾವಿರದ ಇನ್ನೂರು.
ಕೋರ್ಟು, ಠಾಣೆ, ವಿಳಾಸ, ಎಲ್ಲ ಸೇರಿ.
ಕೊಡುವವರು ಯಾರು?
ಪಾರಖಿಯವರು ಚಹಾದ ಕಪ್ಪು ಕೆಳಗಿಟ್ಟು
ಕೆಲಸ ಬೇಕಾದವರು ಕೊಡಲಿ,
ಪಾಸ್‌ಪೋರ್ಟಿಗೆ ನಾವು ಕೊಡುವುದಿಲ್ಲವೆ, ಎಂದರು.
ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ:
ಮೂರು ಅರ್ಜಿ, ಮೂರು ಸಾವಿರದ ಆರುನೂರು,
ಹದಿನೈದು ದಿನದ ಹಾಲು.
ಸುಮ್ಮನಿದ್ದೆ.

ಗಾಯಧನಿ ಎಂಬಾಕೆ ನಿಂತಲ್ಲೇ ಫೋನಿನಲ್ಲಿ ಕಟ್ಟಿದಳು.
ಶೈಲಾ ಖೈರನಾರಳ ಗಂಡ ಬಂದು ರಸೀದಿ ಕೇಳಿದ.
ಮೂರನೆಯವಳು ಮಹಾನಂದಾ ಬಿರಾಜದಾರ, ಅಕ್ಕಲಕೋಟೆ ಕಡೆಯವಳು.
ನನ್ನ ಮರಾಠಿಯೊಳಗಿನ ಕನ್ನಡ ಹಿಡಿದು
'ನೀವ್ ಯಾವ ಕಡೇವ್ರಿ, ಬಾಯಾರ?' ಎಂದಳು.
ಧಾರವಾಡ, ಎಂದೆ. ಆ ಮಾತು ಅಷ್ಟಕ್ಕೇ ಬಿಟ್ಟೆ.

ಒಂದು ತಾಸು ನೋಡೋಣವೆಂದು ಒಳಗೆ ಕೂರಿಸಿದ್ದೆ.
ಎರಡೂವರೆಗೆ ಕರೆಂಟು ಹೋಯಿತು, ಗಿರಣಿ ನಿಂತಿತು,
ಓವಿ ಮೊದಲು ಎದ್ದಳು, ಅವಳ ಹಿಂದೆ ಉಳಿದವು.
ಆಕೆ ಗೋಡೆಗೊರಗಿ, ಓವಿಯನ್ನು ಎದೆಗೆ ಹಾಕಿಕೊಂಡು,
ತುಟಿ ಮುಚ್ಚಿ, ಗಂಟಲಿನ ತಳದಿಂದ
ಗಿರಣಿಯ ಸದ್ದು ತೆಗೆದಳು.
ಹಾಡಲ್ಲ, ಜೋಗುಳವಲ್ಲ, ಬರೀ ಸದ್ದು;
ಪಟ್ಟಾ ಜಾರುವಾಗಿನ ಆ ತೊದಲೂ ಸೇರಿ.
ಹದಿನಾಲ್ಕರಲ್ಲಿ ಹನ್ನೊಂದು ಮತ್ತೆ ಮಲಗಿದವು.

ಆಮೇಲೆ ದುಡ್ಡಿನ ಮಾತು ತೆಗೆದೆ.
'ನಾನಽ ಕೊಡಬೇಕೇನ್ರಿ?'
ಹೌದು.
'ಕೆಲಸ ಸಿಗದಿದ್ರ?'
ತಿರುಗಿ ಬರುವುದಿಲ್ಲ.
ಅರ್ಜಿಯ ಸಾಲುಗಳ ಮೇಲೆ ಬೆರಳು ಆಡಿಸುತ್ತ
ಸಹಿಯ ಜಾಗಕ್ಕೆ ಬಂದು ನಿಂತಳು.
'ನಾಳೆ ಬರ್ತೀನ್ರಿ.'
ಚಪ್ಪಲಿ ಮೆಟ್ಟುವಾಗ ತುಸು ತಡವಾಯಿತು.
ಉಂಗುಟ ಕಿತ್ತಿತ್ತೋ ಏನೋ.

ನಾಳೆ ಬರಲಿಲ್ಲ. ಗುರುವಾರವೂ ಇಲ್ಲ.
ಕೊಟ್ಟಿದ್ದ ನಂಬರು ಯಾವುದೋ ಕಿರಾಣಿ ಅಂಗಡಿಯದು.
'ನೋಡಿದಿರಾ, ತನಿಖೆ ಎಂದ ಕೂಡಲೇ ಕಾಲ್ಕಿತ್ತಳು,'
ಎಂದರು ಅಭ್ಯಂಕರ ಬಾಯಿ, 'ಪೈಸೆ ಖರ್ಚಿಲ್ಲದೆ ಗೊತ್ತಾಯಿತು.'
ಏನು ಗೊತ್ತಾಯಿತು?
ಠಾಣೆಯ ಹೆದರಿಕೆಗೂ ಸಾವಿರದ ಇನ್ನೂರರ ಹೆದರಿಕೆಗೂ
ಮೆಟ್ಟಿಲಿಳಿಯುವ ಸಪ್ಪಳ ಒಂದೇ.

ಶನಿವಾರ ನಾನೇ ಸ್ವಾರಗೇಟಿಗೆ ಹೋದೆ,
ಹಾಲಿನ ಡಬ್ಬಿಯಿಂದ ತೆಗೆದ ನೋಟು ಹಿಡಿದು.
ಹುಡುಗ ಎಣಿಸಿದ, ಅರ್ಜಿ ತಿರುವಿದ,
'ಸಹಿ ಎಲ್ಲಿ ಮೇಡಮ್? ಅವರ ಒಪ್ಪಿಗೆ ಇಲ್ಲದೆ
ನಾವು ಮುಟ್ಟುವುದಿಲ್ಲ.'
ನೋಟು ವಾಪಸು ಕೊಟ್ಟ. ಒಂದು ಹರಿದಿತ್ತು, ಅದನ್ನೂ.

ಗಾಯಧನಿಯ ವರದಿ ಬಂತು. ಏನೂ ಇಲ್ಲ.
ಒಳ್ಳೆಯ ಹೆಂಗಸು, ವೇಳೆಗೆ ಸರಿಯಾಗಿ ಬರುತ್ತಾಳೆ.
ಕರೆಂಟು ಹೋದರೆ
ಯಾವುದನ್ನು ಮೊದಲು ಎತ್ತಲೆಂದು ನಡುಮನೆಯಲ್ಲಿ ನಿಲ್ಲುತ್ತಾಳೆ.

ಆ ಅರ್ಜಿ ಇನ್ನೂ ಖಾನೆಯಲ್ಲಿದೆ, ಲಸಿಕೆಯ ಕಾರ್ಡುಗಳ ಅಡಿಗೆ.
ಫೋಟೋ ಸ್ಟುಡಿಯೋದ್ದಲ್ಲ,
ಯಾವುದೋ ದೊಡ್ಡದರಿಂದ ಕತ್ತರಿಸಿದ್ದು.
ಎಡಭುಜದ ಮೇಲೆ, ಅಂಚಿನಲ್ಲಿ,
ಒಂದು ಮಗುವಿನ ನಾಲ್ಕು ಬೆರಳು ಉಳಿದುಕೊಂಡಿವೆ.
ಯಾರದೋ. ಭೂತಗನ್ನಡಿ ಹಿಡಿದು ನೋಡಿದೆ:
ಉಗುರು ತೆಗೆದಿದ್ದಾರೆ,
ಒಳಚರ್ಮ ತಾಗದಂತೆ.