ಇಲ್ಲೇ ಐತ್ರಿ

ಕೊಳ್ಳೇಗಾಲದಿಂದ ವರ್ಗವಾಗಿ ಬೆಳಗಾವಿಗೆ ಬಂದಿಳಿದೆ,
ಹೆಗಲಲ್ಲಿ ಹಾಸಿಗೆ, ಕಂಕುಳಲ್ಲಿ ಮಿಕ್ಸಿ.
ಮನೆ ಮೂರನೇ ಗೇಟಿನ ಹತ್ತಿರ ಅಂದಿದ್ದರು.
ಮೇಲೆ ಸೇತುವೆ ಇದೆ. ಗೇಟು?
'ಇದ ಗೇಟ್ರಿ.'
'ಎಲ್ಲಿ?'
'ಇತ್ತಲ್ರಿ!'

'ಚೌಗುಲೆಯವರ ಮನೆ?'
'ಇಲ್ಲೇ ಐತ್ರಿ,' ಗಲ್ಲ ಎತ್ತಿ ತೋರಿಸಿದ ತಳ್ಳುಗಾಡಿಯವ.
ಆ ಗಲ್ಲದ ತುದಿಯಿಂದ ಮನೆಯ ಮೆಟ್ಟಿಲಿಗೆ
ಒಂದೂಮುಕ್ಕಾಲು ಕಿಲೋಮೀಟರು.
ಅಳೆದದ್ದು ನನ್ನ ಕಂಕುಳು.

ಮಧ್ಯಾಹ್ನ ಎರಡಕ್ಕೆ ಬಲ್ಬು ತರಲು ಹೋದರೆ
ಪೇಟೆಗೆ ಪೇಟೆಯೇ ಶಟರ್ ಹೊದ್ದು ಮಲಗಿದೆ.
ಯಾರು ತೀರಿಕೊಂಡರು? ಗಾಬರಿಯಲ್ಲಿ ಕೇಳಿದೆ.
'ಊಟಾ ಆತಲ್ರಿ,' ಅಂದಿತು
ಕಟ್ಟೆಯ ಮೇಲೆ ಮುಖ ಮುಚ್ಚಿದ ಟವೆಲ್ಲು.

ಬೈಗುಳಕ್ಕೂ ಇಲ್ಲಿ 'ರೀ' ಹಚ್ಚಿ ಬಡಿಸುತ್ತಾರೆ.
ತಾನೇ ಬೈಕು ತಗುಲಿಸಿ ಒಬ್ಬ ಕೇಳಿದ,
'ಕಣ್ಣ ಅದಾವೇನ್ರಿ?'
ಮರ್ಯಾದೆಗೆ ಮರುಳಾಗಿ
'ಹೂಂ ಸಾರ್, ಎರಡಿವೆ' ಅಂದೆ.

ಮಾಲನಬಾಯಿ ಚೌಗುಲೆ ಬಾಡಿಗೆಯನ್ನು ಮರಾಠಿಯಲ್ಲಿ ಎಣಿಸಿ,
ನಲ್ಲಿಯ ಜಗಳ ಕನ್ನಡದಲ್ಲಿ ಮುಗಿಸಿ,
ಬೆಕ್ಕನ್ನು ಹಿಂದಿಯಲ್ಲಿ ಗದರುತ್ತಾರೆ.
ಬೆಕ್ಕಿಗೆ ಮೂರೂ ಬರುತ್ತವೆ.
ಕೇಳುವುದು ಯಾವುದನ್ನೂ ಇಲ್ಲ.

ಮುಂಜಾನೆಯೇ 'ಬಂದೆ ನೋಡ್ರಿ' ಅಂದಿದ್ದ ಪ್ಲಂಬರ್ ಬಾಳೂ
ಭೂತಕಾಲದಲ್ಲಿ ಬಂದೇಬಿಟ್ಟಿದ್ದಾನೆ,
ಬಾಗಿಲಿಗೆ ಮಾತ್ರ ಗೊತ್ತಿಲ್ಲ.
ಸಂಜೆ ಫೋನ್ ಹಚ್ಚಿದೆ: ಎಲ್ಲಿದ್ದೀಯಪ್ಪಾ?

'ಇಲ್ಲೇ ಅದೀನ್ರಿ.'