ಆ ದಿನ ನಾನಲ್ಲಿದ್ದೆ

ಬಣ್ಣದ ಪೆನ್ನುಗಳ ಡಬ್ಬ, ದೊಡ್ಡ ಬಿಳಿ ಹಾಳೆ, ಅಂಟುಪಟ್ಟಿ
ಅಕ್ರಾದಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.
ಕೇಟಾದ ಇಗರ್ಜಿಯ ಹಿಂದಿನ ಹಜಾರ,
ಹದಿನೇಳು ಪ್ಲಾಸ್ಟಿಕ್ ಕುರ್ಚಿ, ಒಂದಕ್ಕೆ ಮೂರೇ ಕಾಲು.
ಹಾಳೆಯ ನೆತ್ತಿಯಲ್ಲಿ ಬರೆದೆ:
'ನಿಮ್ಮ ಬದುಕಿನ ಒಂದು ಘಟನೆ. ಐದು ನಿಮಿಷ.'

ಯಾರೂ ತುಟಿ ಬಿಚ್ಚಲಿಲ್ಲ.
ಹೊರಗೆ ಕಡಲು ಮಾತ್ರ ಹೇಳಿದ್ದನ್ನೇ ಹೇಳುತ್ತಿತ್ತು
ಗಡಿಯಾರದ ಹಂಗಿಲ್ಲದೆ.
ಈರುಳ್ಳಿ ಪಾತಿಯಿಂದ ನೇರ ಬಂದ ಹೆಂಗಸರು
ಉಗುರಿನ ಮಣ್ಣು ತೆಗೆಯುತ್ತ ಕೂತರು.
ಬಲೆ ಹೊಲಿಯುವ ಕೊಸಿವಿ
ಆ ಮೂರು ಕಾಲಿನ ಕುರ್ಚಿಯನ್ನೇ ಆರಿಸಿ
ಗೋಡೆಗಾನಿಸಿ, ಬೀಳದ ಹಾಗೆ
ಇಡೀ ಬೆಳಗು ಕಾಲೂರಿ ಕೂತಿದ್ದ.

ಎರಡನೆಯ ದಿನವೂ ಇಷ್ಟೇ.
ಚಹಾ ಮುಗಿಯಿತು, ಬಿಸ್ಕತ್ತು ಮುಗಿಯಿತು.
'ನೋವು ಹಂಚಿಕೊಂಡರೆ ಹಗುರ' ಎಂದೆ.
ತರಬೇತಿಯಲ್ಲಿ ಕಲಿಸಿದ ವಾಕ್ಯ;
ನನ್ನ ಬಾಯಿಗೇ ಬೆಂಡಿನ ರುಚಿ.

ಆಗ ಎದ್ದಳು ಯಾಯ್ರಾ ಅಜ್ಜಿ.
ನನ್ನ ಹಾಳೆ ಕಿತ್ತು, ನಾಲ್ಕು ಮಡಿಕೆ ಮಡಿಸಿ
ಗಾಳಿ ಬೀಸಿಕೊಳ್ಳುತ್ತ ಹೇಳಿದಳು:
'ಹಗಲು ಹೊತ್ತು ಕತೆ ಹೇಳಿದರೆ
ಹೆತ್ತವಳ ಕಣ್ಣು ಹೋಗುತ್ತೆ ಅನ್ನುತ್ತಿದ್ದರು ನಮ್ಮನೇಲಿ.
ನನ್ನವ್ವ ಸತ್ತು ನಲವತ್ತು ವರ್ಷ, ನನಗೇನೂ ಭಯವಿಲ್ಲ.
ತಾಯಿ ಇರೋರು ಸಂಜೆ ಬನ್ನಿ.'

ಸಂಜೆ ಬಂದರು. ಹದಿನೇಳಲ್ಲ, ಐವತ್ತು ಜನ.
ಬೆನ್ನಿಗೆ ಕಟ್ಟಿದ ಕೂಸುಗಳು, ಸೆರಗಿನಲ್ಲಿ ಹೊಗೆಮೀನಿನ ವಾಸನೆ,
ಒಂದೇ ಬಲ್ಬು, ಅದಕ್ಕೆ ಮುತ್ತಿದ ಹುಳು.

'ಮಿಸೆ ಗ್ಲಿ ಲೋ!' ಕೇಳಿರಪ್ಪಾ ಕತೆಯ.
'ಗ್ಲಿ ನೆವಾ!' ಬರಲಿ ಕತೆ, ಬರಲಿ.
ಕತೆ ದೂರದಿಂದ ಹಾರಿ ಬಂದು
ಜೇಡಣ್ಣನ ಮೇಲೆ ಬಿತ್ತು.
'ಬಿತ್ತು! ಬಿತ್ತು!' ಎಂದರು ಐವತ್ತು ಮಂದಿ.

ಕಡಲು ಬಂತಂತೆ ಜೇಡಣ್ಣನ ಮನೆಗೆ,
ಒಂದು ರಾತ್ರಿ ಕಾಲು ಚಾಚಲು ಜಾಗ ಕೊಡು ಎಂದು.
ರಾತ್ರಿಗೊಂದು ಮೀನು ಬಾಡಿಗೆ ಅಂದ ಜಾಣ.
ಮೊದಲ ರಾತ್ರಿ ಅಂಗಳಕ್ಕೆ ಬೆರಳಿಟ್ಟಿತು. ಒಂದು ಮೀನು.
ಮರುರಾತ್ರಿ ಜಗಲಿಗೆ ಪಾದ. ಒಂದು ಮೀನು.
ಜೇಡಣ್ಣ ಮೀನು ಎಣಿಸಿದ, ಮೆಟ್ಟಿಲು ಎಣಿಸಲಿಲ್ಲ.
ಮೂರನೆಯ ರಾತ್ರಿ ಅಡುಗೆಮನೆಗೆ...

'ತಾಳಜ್ಜಿ. ಆ ದಿನ ನಾನಲ್ಲಿದ್ದೆ.'

ಹೀಗೆ ಕತೆಯ ಅಡ್ಡ ನಿಲ್ಲುವುದು ಇಲ್ಲಿಯ ವಾಡಿಕೆ.
ಅಡ್ಡ ನಿಂತವರು ತಮಾಷೆಯ ಹಾಡೊಂದು ಹೇಳಿ
ಚಪ್ಪಾಳೆ ತಟ್ಟಿಸಿ ಕೂರುತ್ತಾರೆ.
ಜನ ಆಗಲೇ ಅಂಗೈ ಅಗಲಿಸಿದ್ದರು.
ಕೊಸಿವಿ ಹಾಡಲಿಲ್ಲ.

'ಅಡುಗೆಮನೆಗೆ ನೀಲಿ ಬಾಗಿಲಿತ್ತು.
ಅವ್ವ ಅಕ್ಪ್ಲೆ ಮುದ್ದೆ ತಿರುವುತ್ತಿದ್ದಳು.
ನೀರು ಮೊದಲು ಒಲೆ ಆರಿಸಿತು.
ನಾವು ಓಡಿದೆವು. ಅಪ್ಪ ವಾಪಸು ಹೋದ,
ಬಾಗಿಲು ಬಿಚ್ಚಿ ತರುತ್ತೇನೆ, ಮರ ತುಟ್ಟಿ ಅಂತ.
ಮೂರನೇ ದಿನ ಬಾಗಿಲು ದಡಕ್ಕೆ ಬಂತು.
ಈಗ ಅದರ ಮೇಲೆ ನಾವು ಊಟ ಮಾಡುತ್ತೇವೆ.'

ಅಗಲಿಸಿದ ಅಂಗೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ ಯಾರಿಗೂ.
ನನ್ನ ತರಬೇತಿಯಲ್ಲಿ ಇಂಥ ಹೊತ್ತಿಗೊಂದು ವಾಕ್ಯವಿತ್ತು.
ದೇವರ ದಯ, ಮರೆತುಹೋಯಿತು.

'ಹೌದು, ನೀನಿದ್ದೆ' ಅಂದಳು ಅಜ್ಜಿ, 'ನಿನ್ನ ನೋಡಿದೆ.
ಜೇಡಣ್ಣನೂ ನೋಡಿದ. ಆ ನೀಲಿ ಬಾಗಿಲು
ತೆರೆಯ ಮೇಲೆ ಬರೋದ ಕಂಡು
ಎಂಟೂ ಕಾಲಲ್ಲಿ ಅದನ್ನು ತಬ್ಬಿಕೊಂಡ.'
ಕತೆ ಮುಂದೆ ಸಾಗಿತು, ಬಾಗಿಲ ಸಮೇತ.

ಆಮೇಲೆ ಇನ್ನೊಬ್ಬಳು: 'ನಾನೂ ಇದ್ದೆ.'
ಗೋಡೆಯ ಬದಿಯಿಂದ ಒಬ್ಬ ಮುದುಕ.
ಹತ್ತು ವರ್ಷದ ಹುಡುಗಿಯೊಬ್ಬಳು ಬರೀ ಸುಳ್ಳು ಹೇಳಿದಳು,
ಅದನ್ನೂ ಒಪ್ಪಿಕೊಂಡರು.
ನಡುರಾತ್ರಿಯ ಹೊತ್ತಿಗೆ ಬಡಪಾಯಿ ಜೇಡ
ಮೂರು ಮನೆ, ಒಂದು ಶಾಲೆ, ಹನ್ನೊಂದು ತೆಂಗಿನಮರ,
ಬೆನ್ನಿಗೆ ಬಿದ್ದ ತಮ್ಮನನ್ನೂ ಕಳೆದುಕೊಂಡಿದ್ದ.
ಜನ ನಗುತ್ತಿದ್ದರು. ಕಣ್ಣೊರೆಸಿಕೊಂಡು ನಗುತ್ತಿದ್ದರು.

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಬಂದಳು ಅಜ್ಜಿ,
ತಾಳೆಯೆಣ್ಣೆ ಮೆತ್ತಿದ ನನ್ನ ಹಾಳೆ ಹಿಡಿದು.
'ತಗೋ, ಗಾಳಿ ಚೆನ್ನಾಗಿ ಬರುತ್ತೆ.
ಐದು ನಿಮಿಷ ಅಂತ ಬರೆದಿದ್ದೀಯಲ್ಲ,
ನಿನ್ನದು ಯಾವಾಗ?'

ಬಸ್ಸು ಬಂತು.
ಪುಣ್ಯಕ್ಕೆ ಬಂತು ಅಂದುಕೊಂಡು ಹತ್ತಿದೆ,
ಬಿಚ್ಚದ ಪೆನ್ನಿನ ಡಬ್ಬ ತೊಡೆಯ ಮೇಲೆ.