ಮೂರನೆಯ ಪುಟ

ತೋರ್ಸ್‌ಹಾವ್ನ್ ಬಂದರಿನ ದೋಣಿ ಕಚೇರಿಗೆ
ಮಾರ್ಯುನ್ ಬರೆದುಕೊಟ್ಟಿದ್ದು ಎರಡೇ ಟೆಂಪ್ಲೇಟು:
ಹೊರಡುತ್ತದೆ. ಹೊರಡುವುದಿಲ್ಲ.
ಯಾರೇ ಬಂದು ಕೇಳಲಿ,
ಗಾಳಿಯ ಅಂಕಿ ನೋಡಿ ಕೋಡು
ಎರಡರಲ್ಲೊಂದನ್ನು ಎತ್ತಿ ಕೊಡಬೇಕು, ಅಷ್ಟೆ.
ಹದಿನಾಲ್ಕು ದಾಟಿದರೆ ಕೆಂಪು.

ಮೊನ್ನೆ ಹದಿಮೂರೂ ಮುಕ್ಕಾಲು.
ಪುಟ ಹಸಿರು.
ಸೂಲಗಿತ್ತಿ ಬೈಂತಾ ಚೀಲ ಹಿಡಿದು ದಕ್ಕೆಯಲ್ಲಿ ನಿಂತೇ ಇದ್ದಳು;
ದೋಣಿ ಹಗ್ಗ ಬಿಚ್ಚಲಿಲ್ಲ.

ಇವತ್ತು ರಾತ್ರಿ ನಾವಿಕ ಹೆಗ್ನಿಗೆ ಫೋನು:
"ನೀನು ಹೇಗೆ ಆರಿಸುತ್ತೀಯ?"
"ಆರಿಸೋದೆಲ್ಲಿ ಬಂತು, ಮಾರಾಯ್ತಿ,
ಕೊಲ್ಲಿಯ ಬಾಯಿಗೆ ಹೋಗುವ ತನಕ
ನನಗೇ ಗೊತ್ತಿರೋದಿಲ್ಲ."

ಕಾಫಿ ಆರಿತು.
ಆದರೆಗೂ ಇಲ್ಲದಿದ್ದರೆಗೂ ನಡುವೆ
ಒಂದು ಸಾಲು ಜಾಗ ಬಿಡಿಸಿ
ಮೂರನೆಯ ಪುಟ ಕೂರಿಸಿದಳು:
ಕನ್ಸ್ಕಾ. ಅವರ ಮಾತಿನಲ್ಲಿ, ಬಹುಶಃ.

ಬಣ್ಣ ಯಾವುದು?
ಕಿಟಕಿ ತೆರೆದು ಕಡಲನ್ನೊಮ್ಮೆ ನೋಡಿದಳು.
ಅದೂ ಇನ್ನೂ ತೀರ್ಮಾನಿಸಿರಲಿಲ್ಲ.